ಮುಪ್ಪಿಲ್ಲದ ಪೊರೆ

ಜನವರಿ 9

ನಾದಿನಿಗೆ,

ಕೂಸು ಇವತ್ತು ಹೊರಟಿದೆ. ಲಾರಿಯವನಿಗೆ ಗಾಜಿನ ಸಾಮಾನು ಅಂತ ಸುಳ್ಳು ಹೇಳಿದ್ದೇನೆ, ಇಲ್ಲದಿದ್ದರೆ ಮೂಟೆ ಎಸೆದ ಹಾಗೆ ಎಸೆಯುತ್ತಾನೆ. ಉಕ್ಕಿನ ಕೊಳವೆ ನೋಡಿ ಗಾಬರಿಯಾಗಬೇಡ. ಒಳಗಿರುವುದು ಸುರುಳಿ ಸುತ್ತಿದ ಪಾಲಿಮರ್ ಪೊರೆ, ಈರುಳ್ಳಿ ಸಿಪ್ಪೆಗಿಂತ ತೆಳು. ನಿಮ್ಮ ಸುಣ್ಣದ ಗೂಡಿನ ಹೊಗೆಯನ್ನು ತಣಿಸಿ, ಧೂಳು ತೆಗೆದು, ಒಂದು ಕಡೆಯಿಂದ ಒತ್ತಿದರೆ ಕಾರ್ಬನ್ ಡೈಆಕ್ಸೈಡು ಪೊರೆ ದಾಟಿ ಆಚೆ ಹೋಗುತ್ತದೆ, ಉಳಿದ ಗಾಳಿ ಬಹುಪಾಲು ಈಚೆಯೇ ನಿಲ್ಲುತ್ತದೆ. ಆಚೆ ಹೋದದ್ದನ್ನು ಹಿಡಿದಿಟ್ಟರೆ ಅದು ಆಕಾಶಕ್ಕೆ ಸೇರುವುದಿಲ್ಲ. ಇಷ್ಟೇ ವಿದ್ಯೆ. ಇದಕ್ಕೆ ನನ್ನ ಅರ್ಧ ತಲೆಗೂದಲು ಹೋಗಿದೆ.

ದಾರಿಯಲ್ಲಿ ಒಣಗಿ ಬಂದ ಪೊರೆ ಮುದುಡಿಕೊಂಡಿರುತ್ತದೆ. ಕೂರಿಸುವ ಮೊದಲು ಜೊತೆಗಿಟ್ಟ ಡಬ್ಬಿಯ ಮೆಥನಾಲನ್ನು ಒಳಗೆ ಹಾಯಿಸಿ, ಬಸಿದು, ಗಾಳಿ ಊದಿ ಆರಿಸು. ಹುಟ್ಟಿದ ಕೂಸಿಗೆ ಮೊದಲ ಸ್ನಾನ ಅಂದುಕೋ. ಒಮ್ಮೆ ಸಾಕು. ಬಯಲಿನಲ್ಲಿ ಮಾಡು, ಕೈಗವಸು ಹಾಕಿಕೋ, ಅದು ಒಳ್ಳೆಯ ದ್ರವವಲ್ಲ. ಆಮೇಲೆ ಪ್ರತಿ ಶನಿವಾರ ಆಚೆ ಬದಿಯ ನಲ್ಲಿಗೆ ಒಳಗಿನ ಗಾಳಿ ತೆಗೆದ ಬಾಟಲಿ ಸಿಕ್ಕಿಸಿ, ಹೇಳಿದಷ್ಟು ಹೊತ್ತು ತೆರೆದು ಮುಚ್ಚು. ಬಾಟಲಿ ಎಷ್ಟು ತುಂಬಿದೆ ಅನ್ನುವುದರಿಂದ ಪೊರೆ ಎಷ್ಟು ಬಿಡುತ್ತಿದೆ ಅಂತ ನನಗೆ ತಿಳಿಯುತ್ತದೆ. ಬಾಟಲಿಯ ಪೆಟ್ಟಿಗೆ ಲಾರಿಯಲ್ಲಿ ಬರಲಿ, ಅದರಲ್ಲೇ ಕಾಗದ ಇಡು. ನಿಮ್ಮ ಗೇಟಿನೊಳಗೆ ಫೋನು ಬಿಡುವುದಿಲ್ಲ. ಮನೆಗೆ ಮಾಡಿದರೆ ನಿನ್ನಣ್ಣ ಫೋನನ್ನು ಕಿವಿಯಿಂದ ತೆಗೆಯುವುದೇ ಇಲ್ಲ.

ಮೂಟೆ ಹೊಲಿಯುವ ಸಾಲಿನಿಂದ ನಿನ್ನನ್ನು ಎಬ್ಬಿಸಿ ಈ ಕೆಲಸಕ್ಕೆ ಕೂರಿಸಿದ್ದು ನನ್ನ ಹಟ. ನಿಮ್ಮ ಮ್ಯಾನೇಜರು ಡಿಪ್ಲೊಮಾ ಓದಿದವರನ್ನು ಕೊಡುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು ನಿಮ್ಮ ಇಡೀ ಮನೆತನದಲ್ಲಿ ನೀನೊಬ್ಬಳೇ. ನನ್ನ ಮಾನ ನಿನ್ನ ಕೈಯಲ್ಲಿದೆ.

ಅತ್ತಿಗೆ


ಜನವರಿ 27

ಅತ್ತಿಗೆಗೆ ನಮಸ್ಕಾರ.

ಗಾಜು ಒಡೆಯದೆ ತಲುಪಿತು. ಗೂಡಿನ ಹಿಂದಿನ ಬಯಲಿನಲ್ಲಿ ಸ್ನಾನ ಮಾಡಿಸಿದೆ. ನೋಡುವುದಕ್ಕೆ ಅರ್ಧ ಕಾರ್ಖಾನೆ ನಿಂತಿತ್ತು. ಶೆಡ್ಡಿಗೆ ಆಗಲೇ ಪೊರೆಮನೆ ಅಂತ ಹೆಸರು ಬಿದ್ದಿದೆ, ನನಗೆ ಸೂಲಗಿತ್ತಿ ಅಂತ. ಮೂಟೆ ಹೊಲಿಯುವವಳಾಗಿದ್ದಾಗ ಯಾರೂ ನನಗೆ ಹೆಸರಿಡುವ ಗೋಜಿಗೆ ಹೋಗಿರಲಿಲ್ಲ.

ನೀವು ಬರೆಯದ ಸಂಗತಿಯೊಂದನ್ನು ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು. "ವರ್ಷದ ಕೊನೆಗೆ ಹೊಗೆ ಹಿಡೀದಿರೋ ಗೂಡುಗಳನ್ನ ಆರಿಸ್ಬೇಕು ಅಂತ ಮೇಲಿಂದ ಆರ್ಡರ್ ಬಂದಿದೆ. ಈ ಪೊರೆ ಮೇ ತಿಂಗಳ ತನಕ ಸೊರಗದೆ ನಿಂತ್ರೆ ದೊಡ್ಡ ಪೊರೆಮನೆ ಕಟ್ತೀವಿ. ನಿಲ್ದಿದ್ರೆ ಕಾರ್ಖಾನೆ ಮುಚ್ತೀವಿ, ನನ್ನ ಬೈಕೋಬೇಡಿ." ಆಮೇಲೆ ಯಾರೂ ಸೂಲಗಿತ್ತಿ ಅಂತ ನಗಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ನಮ್ಮವರು ಗೂಡಿನ ಮೇಸ್ತ್ರಿ, ನಿಮಗೆ ಗೊತ್ತು. ಈ ಬೆಂಕಿ ಆರಿದ್ದನ್ನು ಅವರು ಒಮ್ಮೆಯೂ ಕಂಡಿಲ್ಲ. ಊಟಕ್ಕೆ ಕೂತಾಗಲೂ ಕಿಟಕಿಯಿಂದ ಚಿಮಣಿ ಕಾಣುವ ಕಡೆಗೇ ತಟ್ಟೆ ಇಟ್ಟುಕೊಳ್ಳುತ್ತಾರೆ. ನಮ್ಮ ಎರಡು ಸಾಲು ಮನೆಗಳು ನಿಂತಿರುವುದು ಆ ಬೆಂಕಿಯ ಮೇಲೆ. ನಿಮ್ಮ ಮಾನದ ಜೊತೆಗೆ ಇಷ್ಟು ಜನರ ಅನ್ನವನ್ನೂ ನನ್ನ ಕೈಗೆ ಕೊಟ್ಟಿದ್ದೀರಿ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸುಮ್ಮನೆ ಎದ್ದು ಹೋಗಿ ಕೊಳವೆಯ ಮೀಟರಿನ ಮುಳ್ಳು ನೋಡಿ ಬರುತ್ತೇನೆ, ಅದು ಇದ್ದಲ್ಲೇ ಇರುತ್ತದೆ, ಮತ್ತೆ ಹೋಗುತ್ತೇನೆ.

ಅಣ್ಣನಿಗೆ ಫೋನು ಇಟ್ಟು ಊಟ ಮಾಡಲು ಹೇಳಿ.

ನಾದಿನಿ


ಫೆಬ್ರವರಿ 23

ಅತ್ತಿಗೆಗೆ ನಮಸ್ಕಾರ.

ಹೋದ ಎರಡು ಬಾಟಲಿ ಕಡಿಮೆ ತುಂಬಿದ್ದಕ್ಕೆ ಗಾಬರಿಯಾಗಬೇಡಿ. ಅದು ಪೊರೆಯದಲ್ಲ, ನನ್ನ ತಪ್ಪು. ನಲ್ಲಿ ಬೇಗ ಮುಚ್ಚಿಬಿಟ್ಟಿದ್ದೆ. ಈ ಸಲದ್ದು ನೋಡಿ, ಮೊದಲ ದಿನದಷ್ಟೇ ಇದೆ.

ಮ್ಯಾನೇಜರು ಬಂದು ಮುಳ್ಳು ನೋಡಿ, "ಏನಮ್ಮಾ, ಇದಕ್ಕೂ ವಯಸ್ಸಾಗೋಕೆ ಶುರುವಾಯ್ತಾ?" ಅಂದಿದ್ದರು. ಈಗ ಬಂದು ನೋಡಲಿ.

ಸಾಧ್ಯವಾದರೆ ಇನ್ನೊಂದು ಡಬ್ಬಿ ಮೆಥನಾಲು ಕಳಿಸಿ. ಹಳೆಯದು ಮುಚ್ಚಳ ಸಡಿಲವಾಗಿ ಸೋರಿಹೋಯಿತು. ಹೊಸ ಕೊಳವೆ ಬಂದರೆ ಬೇಕಾಗುತ್ತದಲ್ಲ. ಸುಣ್ಣದ ಧೂಳು ಒಳಗೆ ಬರುತ್ತದೆ ಅಂತ ಪೊರೆಮನೆಯ ಬಾಗಿಲು ಕಿಟಕಿ ಮುಚ್ಚಿಕೊಂಡೇ ಕೆಲಸ ಮಾಡುತ್ತೇನೆ. ಜನ ಇಣುಕುವುದೂ ತಪ್ಪಿತು.

ನಾದಿನಿ


ಮಾರ್ಚ್ 6

ಜಾಣ ನಾದಿನಿಗೆ,

ಬಾಟಲಿ ನೋಡಿ ಕುರ್ಚಿಯಿಂದ ಎದ್ದವಳು ಮತ್ತೆ ಕೂತಿಲ್ಲ. ನಿನಗೆ ಇದರ ಬೆಲೆ ಗೊತ್ತಾಗಬೇಕು, ಅದಕ್ಕೆ ಬರೆಯುತ್ತೇನೆ. ಹೊಸದಾಗಿ ಹಿಂಜಿ ತುಂಬಿದ ಹತ್ತಿ ಹಾಸಿಗೆ ಮೊದಲು ಉಬ್ಬಿರುತ್ತದೆ, ಮಲಗುತ್ತ ಮಲಗುತ್ತ ಚಪ್ಪಟೆಯಾಗುತ್ತದೆ. ಈ ಜಾತಿಯ ಪೊರೆಯೂ ಹಾಗೇ. ಯಾರೂ ಮುಟ್ಟದಿದ್ದರೂ ಅದರ ಎಳೆಗಳು ತಮ್ಮಷ್ಟಕ್ಕೆ ಕುಸಿದು ಸಂದು ಮುಚ್ಚುತ್ತವೆ. ಜಗತ್ತಿನಲ್ಲಿ ಎಲ್ಲರ ಪೊರೆಗೂ ಬರುವ ಮುಪ್ಪು ಇದು. ನಮ್ಮ ಕೂಸಿಗೆ ಮಾತ್ರ ಬರುತ್ತಿಲ್ಲ.

ಯಾಕೆ? ನಿಮ್ಮ ಹೊಗೆಯ ತೇವ ಎಳೆಗಳ ನಡುವೆ ಕೂತು ಸಂದು ಮುಚ್ಚದಂತೆ ತಡೆಯುತ್ತಿದೆ ಅಂತ ನನ್ನ ಊಹೆ. ಇಲ್ಲಿ ಕೋಣೆಯಲ್ಲಿಟ್ಟ ಇದೇ ಪೊರೆಯ ತುಂಡುಗಳ ಸುದ್ದಿ ಕೇಳಬೇಡ, ಅವು ಮೊಂಡು. ಅವಕ್ಕೆ ನಿಮ್ಮ ಹೊಗೆ ಸಿಕ್ಕಿಲ್ಲ, ಅಷ್ಟೇ. ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, "ಒಂದೇ ಕೊಳವೆ ನಂಬ್ಕೊಂಡು ಕುಣೀಬೇಡಿ" ಅಂದರು. ಅವರ ಬಾಯಲ್ಲಿ ಒಳ್ಳೆಯ ಮಾತು ಬಂದ ದಿನ ಕಾಗೆ ಬೆಳ್ಳಗಾಗುತ್ತದೆ.

ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ನೀನು ಅದಕ್ಕೆ ಬೇರೆ ಏನೂ ಮಾಡುತ್ತಿಲ್ಲ ತಾನೆ? ಡಬ್ಬಿ ಕಳಿಸಿದ್ದೇನೆ.

ಅತ್ತಿಗೆ


ಮಾರ್ಚ್ 30

ಅತ್ತಿಗೆಗೆ ನಮಸ್ಕಾರ.

ನಾನೇನು ಮಾಡಲಿ? ಹೊಗೆ ಕುಡಿಸುತ್ತೇನೆ, ಬಾಟಲಿ ತುಂಬುತ್ತೇನೆ. ನಿಮ್ಮ ಊಹೆಯನ್ನು ನಮ್ಮವರಿಗೆ ಓದಿ ಹೇಳಿದೆ. "ನಮ್ಮ ಗೂಡಿನ ಹೊಗೇಲೂ ಗುಣ ಇದೆ ಅಂತ ಈಗ ಗೊತ್ತಾಯ್ತಾ ನಿಮ್ಮತ್ತಿಗೆಗೆ?" ಅಂತ ಮೀಸೆ ತಿರುವಿದರು. ಆ ಸಂತೋಷ ನೋಡಿ ನನಗೆ ಅಳು ಬಂತು. ಯಾಕೋ ಗೊತ್ತಿಲ್ಲ.

ತಲೆನೋವು ಬಿಡುತ್ತಿಲ್ಲ. ಕಣ್ಣೂ ಸ್ವಲ್ಪ ಮಂಜು. ಸುಣ್ಣದವರ ಕಣ್ಣು ಯಾವಾಗ ಸರಿಯಿತ್ತು ಹೇಳಿ. ಇಲ್ಲಿಯ ಕಾಂಪೌಂಡರು ಎಲ್ಲರಿಗೂ ಕೊಡುವ ಹನಿಯನ್ನೇ ನನಗೂ ಕೊಟ್ಟಿದ್ದಾನೆ. ಅಕ್ಷರ ದೊಡ್ಡದಾಗಿದೆ, ಸಾಲು ಗುಡ್ಡ ಹತ್ತುತ್ತಿದೆ, ನಗಬೇಡಿ.

ಇನ್ನೊಂದು ಡಬ್ಬಿ ಬೇಕಾಗಬಹುದು.

ನಾದಿನಿ


ಏಪ್ರಿಲ್ 16

ನಾದಿನಿಗೆ,

ನಗುತ್ತೇನೆ. ನಲವತ್ತು ದಾಟಿತಲ್ಲ, ಚಾಳೀಸು ಬಂದಿದೆ. ಒಂದು ಕನ್ನಡಕ ಕೊಂಡುಕೋ, ಮದುವೆಯಲ್ಲಿ ನನ್ನ ಸೀರೆಯ ಅಂಚಿನಲ್ಲಿ ಕೊಂಕು ಹುಡುಕಿದ ಕಣ್ಣು ತಾನೆ, ಅನುಭವಿಸು. ನಿನ್ನಣ್ಣ ಕನ್ನಡಕ ಹಾಕಿಕೊಂಡು ಕನ್ನಡಕ ಹುಡುಕುತ್ತಾರೆ. ನಿಮ್ಮ ಮನೆತನವೇ ಹಾಗೆ.

ಮೇ ಮೊದಲ ವಾರ ಪರಿಶೀಲನಾ ಸಮಿತಿ ಕೂರುತ್ತದೆ. ನಿಮ್ಮ ಮಾಲೀಕರೂ ಬರುತ್ತಾರೆ. ತಿನ್ನಲು ಕೂತು ತಿನ್ನುವುದನ್ನೇ ಮರೆತು ಏಳುತ್ತಿದ್ದೇನೆ, ಪಾಠ ಒಪ್ಪಿಸುವವಳ ಹಾಗೆ ಕಾರಿಡಾರಿನಲ್ಲಿ ಓಡಾಡುತ್ತಿದ್ದೇನೆ. ನಿನ್ನ ಬಾಟಲಿಗಳಲ್ಲಿ ಏನೇನಿದೆ ಅಂತ ನಮ್ಮ ಯಂತ್ರ ಬರೆಯುವ ಗ್ರಾಫಿನಲ್ಲಿ ಪಕ್ಕಕ್ಕೊಂದು ಸಣ್ಣ ಉಬ್ಬು ಕಾಣುತ್ತಿದೆ. ಹೊಗೆಯಲ್ಲಿರದ ಏನೋ ಒಂದು. ನಮ್ಮ ಕೋಣೆಯಲ್ಲಿ ದಿನವಿಡೀ ಮೆಥನಾಲಿನಿಂದ ಪಾತ್ರೆ ತೊಳೆಯುತ್ತಾರೆ, ಆ ಗಾಳಿಯೇ ಯಂತ್ರಕ್ಕೆ ಸೇರಿರಬೇಕು. ಸಮಿತಿಗೆ ತೋರಿಸುವ ಚಿತ್ರದಿಂದ ಅದನ್ನು ತೆಗೆದಿದ್ದೇನೆ. ಅನುಮಾನದ ಮುದುಕರಿಗೆ ಹೊಸ ಪ್ರಶ್ನೆ ಹುಟ್ಟಿಸುವುದು ಯಾಕೆ?

ಡಬ್ಬಿ ಇಟ್ಟಿದ್ದೇನೆ. ಅದನ್ನೇನು ಕುಡಿಯುತ್ತೀಯೋ.

ಅತ್ತಿಗೆ


ಮೇ 8

ನಾದಿನಿಗೆ,

ಗೆದ್ದೆವು. ನಿಮ್ಮ ಮಾಲೀಕರು ಅಲ್ಲೇ ದೊಡ್ಡ ಪೊರೆಮನೆಗೆ ಒಪ್ಪಿಗೆ ಕೊಟ್ಟರು. ಅಂಥ ಕೊಳವೆಗಳು ಸಾಲುಸಾಲಾಗಿ ಬರುತ್ತವೆ. ಅಲ್ಲಿಯವರೆಗೆ ಬಾಟಲಿ ನಿಲ್ಲಿಸಬೇಡಿ ಅಂದಿದ್ದಾರೆ. ಮುಖ್ಯಸ್ಥರು ನನ್ನ ಕೈ ಕುಲುಕಿದರು, ಕಾಗೆ ಬೆಳ್ಳಗಾಗಿದೆಯೇ ನೋಡು.

ಎರಡು ಪೆಟ್ಟಿಗೆಯಲ್ಲಿ ನಿನ್ನ ಕಾಗದವಿಲ್ಲ. ಬಾಟಲಿ ಮಾತ್ರ ಬಂದಿದೆ. ಸಿಟ್ಟೇ? ಚಾಳೀಸು ಅಂದದ್ದಕ್ಕೇ? ಒಂದು ಸಾಲಾದರೂ ಬರೆ. ಗೆದ್ದ ಮೇಲೂ ನನಗೆ ಯಾಕೋ ಸಮಾಧಾನವಿಲ್ಲ.

ಅತ್ತಿಗೆ


ಮೇ 19

ಅಕ್ಕನವರಿಗೆ ನಮಸ್ಕಾರ.

ನಾನು ನಿಮ್ಮ ನಾದಿನಿಯ ಯಜಮಾನ ಬರೆಯುತ್ತಿದ್ದೇನೆ. ನನಗೆ ಬರವಣಿಗೆ ಅಭ್ಯಾಸವಿಲ್ಲ. ಇವಳಿಗೆ ಬರೆಯಲು ಆಗುತ್ತಿಲ್ಲ. ಸಿಟ್ಟಲ್ಲ. ಕಣ್ಣು ಕಾಣುವುದಿಲ್ಲ.

ಎಲ್ಲ ಬೆಳ್ಳಗೆ ಅನ್ನುತ್ತಾಳೆ. ಮುಖದ ಮುಂದೆ ಸುಣ್ಣ ತೂರಿದ ಹಾಗೆ ಅನ್ನುತ್ತಾಳೆ. ಕಾಂಪೌಂಡರು ಧೂಳಿನದು ಅಂದ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಗೂಡಿನ ಬಾಯಲ್ಲಿ ನಿಲ್ಲುವವನು ನಾನು, ನನ್ನ ಕಣ್ಣು ಚೆನ್ನಾಗಿದೆ. ಇವಳು ಬಾಗಿಲು ಹಾಕಿಕೊಂಡು ಕೂಸಿಗೆ ಸ್ನಾನ ಮಾಡಿಸಿ ಬಂದ ದಿನವೇ ಜಾಸ್ತಿಯಾಗುತ್ತದೆ. ವಾಂತಿಯೂ ಆಗುತ್ತದೆ. ಕಷ್ಟದ ಕೆಲಸವಿರಬೇಕು. ಸ್ವಲ್ಪ ದಿನ ಬೇರೆಯವರಿಗೆ ಕೊಡಬಹುದೇ ಅಂತ ಕೇಳಲು ಬರೆದೆ. ನಾನು ಬರೆದದ್ದು ಇವಳಿಗೆ ಗೊತ್ತಿಲ್ಲ.

ತಪ್ಪಿದ್ದರೆ ಕ್ಷಮಿಸಿ.


ಮೇ 23

ನಾದಿನಿಗೆ (ನಿನ್ನ ಯಜಮಾನರು ಓದಿ ಹೇಳಲಿ),

ಫೋನಿನಲ್ಲಿ ಗೇಟಿನ ಗುಮಾಸ್ತನ ಹತ್ತಿರ ಕಿರುಚಾಡಿದ್ದು ನಾನೇ. ನಿನ್ನನ್ನು ಕಣ್ಣಾಸ್ಪತ್ರೆಗೆ ಸೇರಿಸಿದ್ದಾರೆ ಅಂತ ಆಮೇಲೆ ತಿಳಿಯಿತು. ಡಾಕ್ಟರಿಗೆ ಧೂಳು ಅನ್ನಬೇಡಿ, ಮೆಥನಾಲ್ ಅನ್ನಿ, ತಿಂಗಳುಗಟ್ಟಲೆ ಮುಚ್ಚಿದ ಕೋಣೆಯಲ್ಲಿ ಅನ್ನಿ. ಅದರ ಆವಿ ಕಣ್ಣಿನ ನರವನ್ನು ತಿನ್ನುತ್ತದೆ. ನಾವು ಇಲ್ಲಿ ಆವಿ ಹೀರುವ ಗಾಜಿನ ಪೆಟ್ಟಿಗೆಯೊಳಗಿಟ್ಟು ಮುಟ್ಟುತ್ತೇವೆ. ನಿನಗೆ ನಾನು ಕೂಸು, ಸ್ನಾನ ಅಂತ ತಮಾಷೆ ಮಾಡಿ ಕಳಿಸಿದೆ.

ಒಮ್ಮೆ ಸಾಕು ಅಂದಿದ್ದೆನಲ್ಲೇ. ಯಾಕೆ ಮಾಡಿದೆ? ನಾನು ಕೇಳಿದೆ, ನೀನು ಹೊಗೆ ಕುಡಿಸುತ್ತೇನೆ ಅಂದೆ. ನಿನ್ನನ್ನು ಹಿಡಿದು ಬಡಿಯಬೇಕು ಅನಿಸುತ್ತಿದೆ. ಬಡಿದು ತಬ್ಬಿಕೊಂಡು ಅಳಬೇಕು ಅನಿಸುತ್ತಿದೆ. ನಿನ್ನಣ್ಣ ಊಟ ಬಿಟ್ಟು ಬಸ್ಸು ಹತ್ತಿದ್ದಾರೆ, ಈ ಕಾಗದಕ್ಕಿಂತ ಮೊದಲು ಅವರೇ ತಲುಪುತ್ತಾರೆ. ನನ್ನನ್ನು ಇಲ್ಲಿ ಬಿಡುತ್ತಿಲ್ಲ, ಹೊಸ ಕೊಳವೆಗಳಿಗೆ ಪೊರೆಯ ಎರಕ ಶುರುವಾಗಿದೆ.

ಅತ್ತಿಗೆ


ಜೂನ್ 10

ಅತ್ತಿಗೆಗೆ ನಮಸ್ಕಾರ. ನಾನು ಹೇಳುತ್ತಿದ್ದೇನೆ, ಇವರು ಬರೆಯುತ್ತಿದ್ದಾರೆ.

ಅಣ್ಣ ಇದ್ದಷ್ಟು ದಿನ ಬರೆಸಲು ಬಿಡಲಿಲ್ಲ, ನನ್ನ ಹಾಸಿಗೆಯ ಪಕ್ಕ ಕೂತು ತಾನೇ ಅತ್ತುಕೊಂಡಿದ್ದ. ಬಲಗಣ್ಣು ಹೋಯಿತು. ಎಡಗಣ್ಣಿನ ಅಂಚಿನಲ್ಲಿ ಜನ ಓಡಾಡುವುದು ಕಾಣುತ್ತದೆ. ಇನ್ನಷ್ಟು ಬರಬಹುದು, ಬರದೆಯೂ ಇರಬಹುದು ಅಂದಿದ್ದಾರೆ. ಈಗ ಮನೆಯಲ್ಲಿದ್ದೇನೆ. ಚಹಾ ಲೋಟ ಎಲ್ಲಿದೆ ಅಂತ ತಡಕಾಡಿ ಮೂರು ಲೋಟ ಒಡೆದಿದ್ದೇನೆ. ಇವರು ನಾಲ್ಕು ಅನ್ನುತ್ತಾರೆ.

ಯಾಕೆ ಮಾಡಿದೆ ಅಂದಿರಿ. ಫೆಬ್ರವರಿಯಲ್ಲಿ ಮುಳ್ಳು ಇಳಿಯಿತು. ಮೊದಲ ಸ್ನಾನದ ಮಾರನೆಯ ದಿನ ಎಷ್ಟು ಮೇಲಿತ್ತು ಅಂತ ನೆನಪಿತ್ತು. ಇನ್ನೊಮ್ಮೆ ಮಾಡಿದರೆ ಏನು ಅಂತ ಬಾಗಿಲು ಹಾಕಿಕೊಂಡು ಮಾಡಿದೆ, ಏರಿತು. ಬಯಲಿನಲ್ಲಿ ಮಾಡಿದ್ದರೆ ಎಲ್ಲರೂ ನೋಡುತ್ತಿದ್ದರು. ಆಮೇಲೆ ಬಿಡಲು ಧೈರ್ಯ ಬರಲಿಲ್ಲ. ಕೈಗವಸು ಒಂದು ತಿಂಗಳಿಗೆ ಹರಿಯಿತು, ಹೊಸದು ಕೇಳಿದರೆ ಯಾಕೆ ಅಂತ ಕೇಳುತ್ತೀರಿ. ನನಗೆ ಅದು ಮೋಸ ಅನಿಸಲಿಲ್ಲ, ಕೂಸನ್ನು ನೋಡಿಕೊಳ್ಳುವುದು ಅನಿಸಿತು. ನೀವು ಕೇಳಿದ ದಿನ ಮಾತ್ರ ಮೋಸ ಅನಿಸಿತು.

ಅತ್ತಿಗೆ, ಈಗ ನನ್ನ ಒಂದೇ ಮಾತು ನಡೆಸಿಕೊಡಿ. ಯಾರಿಗೂ ಹೇಳಬೇಡಿ. ಇಲ್ಲಿ ಎಲ್ಲರೂ ಸುಣ್ಣದಿಂದ ಕಣ್ಣು ಹೋಯಿತು ಅಂದುಕೊಂಡಿದ್ದಾರೆ. ಹಾಗೇ ಇರಲಿ. ದೊಡ್ಡ ಪೊರೆಮನೆಗೆ ಪಾಯ ತೋಡಿದ್ದಾರೆ, ಆ ಸದ್ದು ಇಲ್ಲಿಗೆ ಕೇಳುತ್ತದೆ. ನೀವು ಬಾಯಿ ಬಿಟ್ಟರೆ ಪಾಯ ಮುಚ್ಚುತ್ತಾರೆ, ಗೂಡು ಆರುತ್ತದೆ, ಎರಡು ಸಾಲು ಮನೆ ಖಾಲಿಯಾಗುತ್ತದೆ. ಕಣ್ಣು ಹೋದದ್ದು ಹೋಯಿತು. ಅದು ಸುಮ್ಮನೆ ಹೋಯಿತು ಅಂತ ಮಾಡಬೇಡಿ.

ನಾದಿನಿ

(ಅಕ್ಕನವರೇ, ನನ್ನ ಮಾತೂ ಇದೇ. ಕೈ ಮುಗಿಯುತ್ತೇನೆ.)


ಜೂನ್ 17

ನಾದಿನಿಗೆ,

ನಿನ್ನ ಕಾಗದ ಬಂದಾಗಿನಿಂದ ನಾನು ಮಾಡಿದ ಕೆಲಸ ಒಂದೂ ನೆಟ್ಟಗಾಗಿಲ್ಲ. ಎರಕ ಹೊಯ್ದ ಹಾಳೆ ನೀರಿನ ಪಸೆ ತಾಗಿ ಬೆಳ್ಳಗಾಯಿತು. ಎರಡನೆಯದೂ ಆಯಿತು. ಮುಖ್ಯಸ್ಥರ ಬಾಗಿಲವರೆಗೆ ಹೋಗುತ್ತೇನೆ, ಕೈ ಎತ್ತುತ್ತೇನೆ, ನೀರು ಕುಡಿಯಲು ಬಂದವಳ ಹಾಗೆ ತಿರುಗಿ ಬರುತ್ತೇನೆ.

ನಿನ್ನೊಬ್ಬಳದೇ ಸುಳ್ಳು ಅಂತ ತಿಳಿಯಬೇಡ. ಇಲ್ಲಿಯ ತುಂಡುಗಳು ಮಾರ್ಚಿನಲ್ಲೇ ಅರ್ಧಕ್ಕೆ ಇಳಿದಿದ್ದವು. ನಿನಗೆ ಮೊಂಡು ಅಂತ ಬರೆದೆ, ಸಮಿತಿಗೆ ಅದನ್ನೂ ಬರೆಯಲಿಲ್ಲ. ಆ ಉಬ್ಬು ನಮ್ಮ ಕೋಣೆಯ ಗಾಳಿಯದಲ್ಲ ಅಂತ ತಿಳಿಯಬೇಕಾದರೆ ಕೋಣೆಯ ಗಾಳಿಯನ್ನೇ ಒಂದು ಬಾಟಲಿಗೆ ತುಂಬಿ ನೋಡಬಹುದಿತ್ತು. ಅರ್ಧ ಗಂಟೆಯ ಕೆಲಸ. ಮಾಡಲಿಲ್ಲ, ಯಾಕೆಂದರೆ ನನಗೆ ಉತ್ತರ ಬೇಡವಾಗಿತ್ತು. ನೋಡಿದ್ದರೆ ಏಪ್ರಿಲಿನಲ್ಲೇ ನಿನ್ನನ್ನು ಆ ಶೆಡ್ಡಿನಿಂದ ಎಳೆದು ಹಾಕುತ್ತಿದ್ದೆ. ಆಗ ನಿನಗೆ ಎರಡು ಕಣ್ಣೂ ಇದ್ದವು.

ಸದ್ಯಕ್ಕೆ ಸುಮ್ಮನಿರುತ್ತೇನೆ. ಪೊರೆ ತಾನಾಗಿ ಸೊರಗಲಿ, ಮುಳ್ಳು ಇಳಿದದ್ದನ್ನು ಎಲ್ಲರೂ ನೋಡಲಿ, ಆಗ ಎಲ್ಲಾ ಪೊರೆಯ ಹಾಗೆ ಇದೂ ಅಂತ ಹೇಳಿ ಹೊಸದೊಂದಕ್ಕೆ ಕಾಲ ಕೇಳುತ್ತೇನೆ. ನಿನ್ನ ಹೆಸರು ಬರುವುದಿಲ್ಲ. ಇದು ಹೇಡಿತನ ಅಂತ ಗೊತ್ತು. ಮೂರು ಲೋಟವೋ ನಾಲ್ಕೋ, ಇನ್ನೂ ಒಡೆ. ನಾನು ಸ್ಟೀಲಿನದು ಕಳಿಸುತ್ತೇನೆ.

ಅತ್ತಿಗೆ


ಜುಲೈ 2

ಈ ಕಾಗದವನ್ನು ಗಟ್ಟಿಯಾಗಿ ಓದುತ್ತಿರುವವರಿಗೆ ಮೊದಲ ಮಾತು: ಒಂದು ಸಾಲನ್ನೂ ಬಿಡದೆ ಓದಿ. ಅವಳು ಪಕ್ಕದಲ್ಲೇ ಕೂತಿದ್ದಾಳೆ ಅಂತ ನನಗೆ ಗೊತ್ತು.

ನಾದಿನಿ, ಇವತ್ತು ಪೆಟ್ಟಿಗೆ ಬಂತು. ನೀನು ಶೆಡ್ಡಿಗೆ ಕಾಲಿಟ್ಟು ತಿಂಗಳ ಮೇಲಾಯಿತು. ಈಗ ಪೊರೆ ಸೊರಗಿರಬೇಕು, ಬಾಟಲಿ ಅರ್ಧವಾದರೂ ಖಾಲಿ ಇರಬೇಕು ಅಂತ ಕಾಯುತ್ತಿದ್ದೆ. ಬಾಟಲಿ ತುಂಬಿ ಬಂದಿದೆ. ಜನವರಿಯಷ್ಟೇ ತುಂಬಿದೆ. ಗ್ರಾಫಿನ ಪಕ್ಕದಲ್ಲಿ ಉಬ್ಬು ಇದೆ, ನಿನ್ನ ಕಾಲದ್ದಕ್ಕಿಂತ ದೊಡ್ಡದು. ಈ ಸಲ ಕೋಣೆಯ ಗಾಳಿಯನ್ನೂ ತುಂಬಿ ನೋಡಿದೆ. ಅದರಲ್ಲಿ ಇಲ್ಲ.

ನೀನು ಹಾಸಿಗೆಯಲ್ಲಿರುವಾಗ ಬಾಗಿಲು ಹಾಕಿಕೊಂಡು ಸ್ನಾನ ಮಾಡಿಸುತ್ತಿರುವವರು ಯಾರು? ಡಬ್ಬಿ ಎಲ್ಲಿದೆ ಅಂತ ಗೊತ್ತಿರುವವರು ಯಾರು? ನಿನ್ನ ಕಾಗದದ ಕೊನೆಗೆ ಕೈ ಮುಗಿಯುತ್ತೇನೆ ಅಂತ ಬರೆದವರೇ ಅಲ್ಲವೇ? ಯಜಮಾನರೇ, ಇದನ್ನೂ ಓದಿ. ನಿಮ್ಮ ಕಣ್ಣು ಚೆನ್ನಾಗಿದೆ ಅಂತ ಮೇ ತಿಂಗಳಲ್ಲಿ ಬರೆದಿರಿ. ಈಗಲೂ ಚೆನ್ನಾಗಿದೆಯೇ? ಈ ಅಕ್ಷರ ಚೆನ್ನಾಗಿ ಕಾಣುತ್ತಿದೆಯೇ?

ನಾನು ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಖ್ಯಸ್ಥರ ಕೋಣೆಗೆ ಹೋದೆ. ಎಲ್ಲಾ ಹೇಳಿದೆ. ಸ್ನಾನ, ನನ್ನ ತುಂಡುಗಳು, ಚಿತ್ರದಿಂದ ತೆಗೆದ ಉಬ್ಬು, ನಿನ್ನ ಕಣ್ಣು. ಅವರು ಕೂಗಾಡಲಿಲ್ಲ. "ಶೆಡ್ಡಿಗೆ ಬೀಗ ಹಾಕ್ಸಿದ್ರಾ?" ಅಂತ ಕೇಳಿದರು. ಅಲ್ಲಿಂದಲೇ ನಿಮ್ಮ ಗೇಟಿಗೆ ಫೋನು ಮಾಡಿ ಹಾಕಿಸಿದೆವು. ಸಮಿತಿಗೂ ನಿಮ್ಮ ಮಾಲೀಕರಿಗೂ ನಾಳೆ ಬೆಳಿಗ್ಗೆ ಪತ್ರ ಹೋಗುತ್ತದೆ, ಕೆಳಗೆ ನನ್ನ ಸಹಿ ಇದೆ. ನನ್ನ ಕೆಲಸ ಉಳಿಯುವುದಿಲ್ಲ, ಅದು ದೊಡ್ಡದಲ್ಲ.

ನಿನ್ನ ಗೂಡನ್ನು ನಾನು ಆರಿಸಿದೆ. ನೀನು ಬೇಡಿಕೊಂಡ ಒಂದೇ ಮಾತನ್ನು ನಡೆಸಲಿಲ್ಲ. ಆ ದೊಡ್ಡ ಮನೆ ಎದ್ದಿದ್ದರೆ ಸಾಲುಸಾಲು ಕೊಳವೆಗಳಿಗೆ ಶನಿವಾರ ಶನಿವಾರ ಯಾರಾದರೂ ಬಾಗಿಲು ಹಾಕಿಕೊಳ್ಳಬೇಕಾಗುತ್ತಿತ್ತು. ಇವತ್ತು ನಿನ್ನ ಯಜಮಾನರು, ನಾಳೆ ನಿಮ್ಮ ಸಾಲಿನ ಇನ್ನೊಬ್ಬರು. ಬೈದಾದರೂ ಬರೆ. ಬೈಗುಳ ಬಂದರೆ ಸಾಕು ಅನ್ನುವಂತಾಗಿದ್ದೇನೆ.

ಅತ್ತಿಗೆ


ಜುಲೈ 20

ನಾದಿನಿಗೆ,

ಉತ್ತರ ಬರಲಿಲ್ಲ. ಪೆಟ್ಟಿಗೆಯೂ ಬರುವುದಿಲ್ಲವಲ್ಲ ಇನ್ನು, ಅಂಚೆಯವನ ದಾರಿ ನೋಡುತ್ತಿದ್ದೇನೆ. ನನ್ನನ್ನು ಎರಕದ ಕೋಣೆಯಿಂದ ತೆಗೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ಉಗ್ರಾಣದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತೇನೆ. ಮೆಥನಾಲಿನ ಚೀಟಿಗಳನ್ನು ನಾನೇ ಬರೆಯುತ್ತೇನೆ, ದೊಡ್ಡ ಅಕ್ಷರದಲ್ಲಿ, ತಮಾಷೆಯಿಲ್ಲದೆ.

ನಿನ್ನಣ್ಣ ಫೋನು ಮಾಡಿದರೆ ನಿಮ್ಮ ಮನೆಯಲ್ಲಿ ಯಾರೂ ಎತ್ತುತ್ತಿಲ್ಲ. ನಿನ್ನ ಯಜಮಾನರನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆಯಾ? ಅದೊಂದು ತಿಳಿಸು. ಉಳಿದದ್ದು ಬೇಡ.

ಅತ್ತಿಗೆ


ಆಗಸ್ಟ್ 14

ಅತ್ತಿಗೆಗೆ.

ಇದು ನನ್ನ ಕೈ. ಗೀಟು ಹಾಕಿದ ರಟ್ಟು ಇಟ್ಟುಕೊಂಡು ಎಡಗಣ್ಣಿನ ಅಂಚಿನಿಂದ ನೋಡುತ್ತಾ ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ನಿಮಗೆ ಇನ್ನೊಬ್ಬರ ಕೈಯಲ್ಲಿ ಬರೆಸುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಇವರು ಬಿಡದೆ ಓದಿದರು. ಡಬ್ಬಿ ಎಲ್ಲಿದೆ ಅಂತ ಗೊತ್ತಿರುವವರು ಯಾರು ಅನ್ನುವಲ್ಲಿಗೆ ಬಂದಾಗ ದನಿ ನಿಂತಿತು. "ಮುಂದೆ ಓದ್ರಿ" ಅಂದೆ. ಓದಿದರು. ಮುಗಿದ ಮೇಲೆ, "ನಿನ್ನ ಕಣ್ಣು ತಗೊಂಡು ಅದು ಸೊರಗೋದನ್ನ ನೋಡ್ಕೊಂಡು ಕೂರೋಕೆ ಆಗ್ಲಿಲ್ಲ ಕಣೇ. ಕಿಟಕಿ ತೆಗೆದಿದ್ದೆ" ಅಂದರು. ತಲೆನೋವು ಬರುತ್ತಿತ್ತಂತೆ, ನನಗೆ ಹೇಳಿರಲಿಲ್ಲ. ನಾನು ನಿಮಗೆ ಹೇಳದ ಹಾಗೆ. ಕೈಗೆ ಸಿಕ್ಕಿದ ಲೋಟ ಎಸೆದೆ. ನೀವು ಕಳಿಸಿದ ಸ್ಟೀಲಿನದು, ಒಡೆಯಲಿಲ್ಲ.

ಮಾರನೆಯ ದಿನವೇ ಹೊರಡಿಸಿಕೊಂಡು ಅದೇ ಕಣ್ಣಾಸ್ಪತ್ರೆಗೆ ಹೋದೆವು. ನನ್ನ ಕೈ ಹಿಡಿದು ನಡೆಸಿದ್ದು ಇವರು, ತೋರಿಸಿಕೊಳ್ಳಬೇಕಾದವರೂ ಇವರು. ಡಾಕ್ಟರು ಬಹಳ ಹೊತ್ತು ನೋಡಿದರು. ನಾನು ಹೊರಗೆ ಬೆಂಚಿನ ಮೇಲೆ ಕೂರಲಾರದೆ ಗೋಡೆ ಹಿಡಿದು ಆಕಡೆಯಿಂದ ಈಕಡೆಗೆ ನಡೆದೆ. ತಿರುಗಿ ಬಂದು ಬಸ್ಸಿನಿಂದ ಇಳಿದಾಗ ಏನೋ ಸರಿಯಿಲ್ಲ ಅನಿಸಿತು, ಏನು ಅಂತ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಸದ್ದಿಲ್ಲ. ಗೂಡು ಆರಿಸಿದ್ದರು. ವರ್ಷದ ಕೊನೆಯವರೆಗೂ ಕಾಯಲಿಲ್ಲ. ಇವರು ಬಸ್‌ಸ್ಟಾಪಿನಲ್ಲೇ ಕೂತುಬಿಟ್ಟರು.

ನಮ್ಮ ಸಾಲಿನಲ್ಲಿ ಅರ್ಧ ಮನೆ ಖಾಲಿ. ಉಳಿದವರು ನಮ್ಮನ್ನು ಮಾತಾಡಿಸುವುದಿಲ್ಲ. ಸೂಲಗಿತ್ತಿ ಅಂತ ಈಗ ಬೇರೆ ದನಿಯಲ್ಲಿ ಕರೆಯುತ್ತಾರೆ. ಇವರಿಗೆ ದೂರದ ಇಟ್ಟಿಗೆ ಗೂಡಿನಲ್ಲಿ ಕೆಲಸ ಸಿಗಬಹುದು, ಮೇಸ್ತ್ರಿಯಾಗಿ ಅಲ್ಲ. ಹೊತ್ತು ಹೋಗದೆ ಇಬ್ಬರೂ ಮನೆಯೊಳಗೆ ಡಿಕ್ಕಿ ಹೊಡೆದುಕೊಂಡು ಓಡಾಡುತ್ತೇವೆ.

ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ ಅತ್ತಿಗೆ. ಇವರ ಕಣ್ಣಿಗೆ ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಅಂದರು ಡಾಕ್ಟರು. ಗೂಡು ಆರಿದ್ದೂ ಇದೂ ಒಂದೇ ದಿನ ಆಯಿತು. ಯಾವುದನ್ನು ಮೊದಲು ಬರೆಯಬೇಕು ಅಂತ ತಿಳಿಯದೆ ಇಷ್ಟು ದಿನ ಬರೆಯಲಿಲ್ಲ.

ನಾದಿನಿ